ತೂತು ತೋರಿಸಿದವರೇ ತೇಪೆ ಹಾಕಬೇಕಾ? ಎಫ್‌ಎಫ್‌ಎಂಪೆಗ್–ಗೂಗಲ್ ಜಗಳದ ಒಳಸುಳಿ

2025ರ ಕೊನೆಯಲ್ಲಿ ಟೆಕ್ ಸುದ್ದಿ ಓದುವವರ ಕಣ್ಣಿಗೆ ಒಂದು ವಿಚಿತ್ರ ಜಗಳ ಬಿತ್ತು. ಒಂದು ಕಡೆ ಗೂಗಲ್. ಇನ್ನೊಂದು ಕಡೆ ಎಫ್‌ಎಫ್‌ಎಂಪೆಗ್ ಅನ್ನುವ, ಹೆಚ್ಚಿನವರು ಹೆಸರೂ ಕೇಳಿರದ ಓಪನ್ ಸೋರ್ಸ್ ತಂತ್ರಾಂಶ, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟದ್ದು. ಗೂಗಲ್‌ನ ಎಐ ಆ ತಂತ್ರಾಂಶದಲ್ಲಿ ಭದ್ರತೆಯ ದೋಷಗಳನ್ನು ಹುಡುಕಿ ತಿಳಿಸಿತು. ಥ್ಯಾಂಕ್ಸ್ ಹೇಳಬೇಕಾದವರು ಉಲ್ಟಾ ಸಿಡಿದೆದ್ದರು. ಎಕ್ಸ್‌ನಲ್ಲಿ ಎಫ್‌ಎಫ್‌ಎಂಪೆಗ್ ಖಾತೆ ಈ ದೋಷ ವರದಿಗಳಿಗೆ 'ಸಿವಿಇ ಸ್ಲಾಪ್' ಅಂತ ಹೆಸರಿಟ್ಟಿತು. ಸ್ಲಾಪ್ ಅಂದರೆ ನಮ್ಮ ಕಲಗಚ್ಚು. ಸಿವಿಇ ಅಂದರೆ ಗೊತ್ತಾದ ಪ್ರತಿಯೊಂದು ಭದ್ರತಾ ದೋಷಕ್ಕೆ ಕೊಡುವ ನಂಬರು.

ಓದಿದವರಿಗೆ ಗೊಂದಲ ಆಗಿದ್ದು ಸಹಜ. ತಪ್ಪು ತೋರಿಸಿಕೊಟ್ಟರೆ ಕೋಪ ಯಾಕೆ? ದೋಷ ಇದೆ ಅಂದಮೇಲೆ ಇದನ್ನೇ ಬಳಸುವ ನನ್ನ ವಿಡಿಯೊ ಪ್ಲೇಯರ್ ವಿಎಲ್‌ಸಿ ತೆಗೆದುಹಾಕಬೇಕಾ? ಅಷ್ಟು ದೊಡ್ಡ ಗೂಗಲ್‌ಗೆ ತಾನೇ ರಿಪೇರಿ ಮಾಡೋಕೆ ಏನು ಕಷ್ಟ?

ಕೊನೆಯ ಪ್ರಶ್ನೆಯೇ ಮುಖ್ಯ. ಆದರೆ ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿನ್ನೆಲೆ ಬೇಕು.

ಎಲ್ಲೆಲ್ಲೂ ಇರುವ, ಎಲ್ಲೂ ಕಾಣದ ತಂತ್ರಾಂಶ

ವಿಡಿಯೊ ಫೈಲ್ ಅಂದರೆ ಹಿಂಡಿ ಗಂಟು ಕಟ್ಟಿದ ದತ್ತಾಂಶ. ಅದನ್ನು ಬಿಚ್ಚಿ ಚಿತ್ರವಾಗಿ, ದನಿಯಾಗಿ ಮಾಡುವುದು ಡಿಕೋಡರ್. ಗಂಟು ಕಟ್ಟುವುದು ಎನ್‌ಕೋಡರ್. ಕಟ್ಟುವ ವಿಧಾನ ನೂರಾರು ಇವೆ, ಒಂದೊಂದು ಕಂಪನಿ, ಒಂದೊಂದು ಕ್ಯಾಮೆರಾ, ಒಂದೊಂದು ಕಾಲಕ್ಕೆ ಒಂದೊಂದು. ಇವೆಲ್ಲವನ್ನೂ ಒಂದೇ ಕಡೆ ಇಟ್ಟುಕೊಂಡಿರುವುದು ಎಫ್‌ಎಫ್‌ಎಂಪೆಗ್.

2000ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಇದನ್ನು ಶುರು ಮಾಡಿದರು. ಆಮೇಲೆ ಹತ್ತಾರು ದೇಶದ ಜನ ಕೈಜೋಡಿಸಿದರು. ಇವತ್ತು ವಿಎಲ್‌ಸಿ, ಪರದೆ ರೆಕಾರ್ಡ್ ಮಾಡುವ ಒಬಿಎಸ್, ವಿಡಿಯೊ ಎಡಿಟ್ ಮಾಡುವ ಕೆಡೆನ್‌ಲೈವ್, ಗೂಗಲ್‌ನದೇ ಕ್ರೋಮ್, ಎಲ್ಲದರ ಒಳಗೂ ಇದರ ಭಾಗಗಳಿವೆ. ಮದುವೆ ವಿಡಿಯೊ ಎಡಿಟ್ ಮಾಡುವವರ ಕಂಪ್ಯೂಟರ್‌ನಲ್ಲೂ, ವಿಡಿಯೊ ಅಪ್‌ಲೋಡ್ ತೆಗೆದುಕೊಳ್ಳುವ ದೊಡ್ಡ ದೊಡ್ಡ ಸರ್ವರ್‌ಗಳಲ್ಲೂ ಇದೇ ಕೆಲಸ ಮಾಡುತ್ತಿರುತ್ತದೆ. ಕಾಣುವುದು ಮಾತ್ರ ಮೇಲಿನ ಆ್ಯಪ್‌ನ ಹೆಸರು. ಊಟ ಬಡಿಸಿದವರ ಗುರುತು ಇರುತ್ತದೆ, ಒಲೆ ಮುಂದೆ ನಿಂತವರದ್ದು ಇರಲ್ಲ ಅಲ್ವಾ, ಹಾಗೆ.

ಇದನ್ನು ನೋಡಿಕೊಳ್ಳುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಕೆಲವರು ಸಲಹೆಗಾರರಾಗಿ, ಕಂಪನಿಗಳಿಗೆ ಗುತ್ತಿಗೆ ಕೆಲಸ ಮಾಡಿ ದುಡಿಯುತ್ತಾರೆ. ಆದರೆ 'ಎಫ್‌ಎಫ್‌ಎಂಪೆಗ್ ಕಂಪನಿ' ಅಂತ ಒಂದು ಇಲ್ಲ. ಕಸ್ಟಮರ್ ಕೇರ್ ಇಲ್ಲ. ಇಲ್ಲಿಂದಲೇ ತಕರಾರು ಶುರುವಾಗುವುದು.

ಆ ಒಂದು ಬಗ್

ಗೂಗಲ್‌ನ ಎಐ ಹೆಸರು ಬಿಗ್ ಸ್ಲೀಪ್. ಗೂಗಲ್ ಡೀಪ್‌ಮೈಂಡ್ ಮತ್ತು ಪ್ರಾಜೆಕ್ಟ್ ಜೀರೊ ಅನ್ನುವ ಭದ್ರತಾ ತಂಡ ಸೇರಿ ಮಾಡಿದ್ದು. ಇತರರು ಬರೆದ ಕೋಡ್ ಓದಿ, ಎಲ್ಲಿ ಮುರಿಯಬಹುದು ಅಂತ ತಾನೇ ಪರೀಕ್ಷಿಸಿ ನೋಡುವುದು ಅದರ ಕೆಲಸ. 2025ರ ಆಗಸ್ಟ್‌ನಲ್ಲಿ ಅದು ಕಂಡುಹಿಡಿದ 20 ದೋಷಗಳ ಮೊದಲ ಕಂತನ್ನು ಗೂಗಲ್ ಪ್ರಕಟಿಸಿತು. ಹೆಚ್ಚಿನವು ಎಫ್‌ಎಫ್‌ಎಂಪೆಗ್, ಇಮೇಜ್‌ಮ್ಯಾಜಿಕ್‌ನಂಥ ಓಪನ್ ಸೋರ್ಸ್ ತಂತ್ರಾಂಶಗಳಲ್ಲೇ ಇದ್ದವು.

ಜಗಳಕ್ಕೆ ಕಿಡಿ ಹಚ್ಚಿದ ದೋಷ ಇದ್ದದ್ದು ಲ್ಯೂಕಾಸ್‌ಆರ್ಟ್ಸ್ ಕಂಪನಿಯ ಸ್ಮಶ್ ಅನ್ನುವ ಹಳೇ ಕೋಡೆಕ್‌ನ (ವಿಡಿಯೊ ಗಂಟು ಕಟ್ಟಿ ಬಿಚ್ಚುವ ವಿಧಾನ) ಡಿಕೋಡರ್‌ನಲ್ಲಿ. ಎಫ್‌ಎಫ್‌ಎಂಪೆಗ್‌ನವರ ಮಾತಿನ ಪ್ರಕಾರ ಅದು ಬಾಧಿಸುವುದು 1995ರ 'ರೆಬೆಲ್ ಅಸಾಲ್ಟ್ 2' ಗೇಮಿನ ವಿಡಿಯೊದ ಮೊದಲ 10–20 ಫ್ರೇಮುಗಳನ್ನು. ಅರ್ಧ ಸೆಕೆಂಡು, ಹೆಚ್ಚೆಂದರೆ ಒಂದೆರಡು ಸೆಕೆಂಡಿನ ಚಿತ್ರ. ಮೂವತ್ತು ವರ್ಷ ಹಳೆಯದು. ಯಾರೋ ಹವ್ಯಾಸಕ್ಕೆ ಬರೆದ ಕೋಡ್‌ನಲ್ಲಿ ಲಕ್ಷಾಂತರ ಕೋಟಿಯ ಕಂಪನಿ ಎಐ ಬಿಟ್ಟು ತಪ್ಪು ಹುಡುಕಿಸಿ, ಸ್ವಯಂಸೇವಕರೇ ಸರಿಮಾಡಲಿ ಅಂತ ಕೂರುವುದು ನ್ಯಾಯವಾ ಅನ್ನುವುದು ಅವರ ಪ್ರಶ್ನೆ.

ದೋಷ ಯಾವ ಥರದ್ದು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಇದಕ್ಕೆ 'ಯೂಸ್ ಆಫ್ಟರ್ ಫ್ರೀ' ಅಂತಾರೆ, ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಬಳಸುವುದು.

ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಪ್ರೋಗ್ರಾಂ ಕೂಡ ಹಾಗೇ ಮೆಮೊರಿಯಲ್ಲಿ ಜಾಗ ಹಿಡಿಯುತ್ತದೆ. 14ನೇ ಸೀಟು ನಿಮ್ಮದು ಅಂತಿಟ್ಟುಕೊಳ್ಳಿ. ಹಾಸನದಲ್ಲಿ ಇಳಿದಿರಿ. ಸೀಟು ಬೇರೆಯವರಿಗೆ ಹೋಯಿತು. ಆದರೆ '14' ಅಂತ ಬರೆದ ಚೀಟಿ ಇನ್ನೂ ನಿಮ್ಮ ಹುಡುಗನ ಜೇಬಿನಲ್ಲೇ ಇದೆ. ಅವನು ಅದನ್ನು ನೋಡಿಕೊಂಡು ಬಂದು, ತಲೆ ಎತ್ತದೆ, ಅಕ್ಕಿ ಮೂಟೆಯನ್ನು ಸೀದಾ 14ನೇ ಸೀಟಿನ ಮೇಲೆ ಇಳಿಸಿದ. ಅಲ್ಲಿ ಕೂತವರ ತೊಡೆ ಮೇಲೆ ಮೂಟೆ ಬಿತ್ತು. ಸಾಮಾನ್ಯವಾಗಿ ಇಷ್ಟಕ್ಕೆ ಗಲಾಟೆಯಾಗಿ ಬಸ್ಸು ನಿಲ್ಲುತ್ತದೆ, ಅಂದರೆ ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ. ಆದರೆ ಒಬ್ಬ ಕಿಲಾಡಿ ಇದ್ದು, ಆ ಹೊತ್ತಿಗೆ 14ರಲ್ಲಿ ಯಾರು ಕೂತಿರಬೇಕು, ಮೂಟೆಯಲ್ಲಿ ಏನಿರಬೇಕು ಎರಡನ್ನೂ ಮೊದಲೇ ಹೊಂದಿಸಿಟ್ಟರೆ? ಆಗ ಬಸ್ಸೇ ಅವನ ಕೈಗೆ ಬರಬಹುದು. ಇಲ್ಲಿ ಮೂಟೆ ಅಂದರೆ ವಿಡಿಯೊ ಫೈಲಿನೊಳಗಿನ ದತ್ತಾಂಶ. ಅದನ್ನು ತಯಾರಿಸುವವನು ಫೈಲ್ ಕಳಿಸುವವನು.

ಎಫ್‌ಎಫ್‌ಎಂಪೆಗ್‌ನವರು ಸಿಟ್ಟಾದರೂ ಈ ದೋಷವನ್ನು ಸರಿಮಾಡಿದರು.

'ಹಳೇ ಗೇಮಿನ ಫೈಲ್ ಯಾರಿಗೆ ಬೇಕು?'

ಇದು ಅವರ ವಾದದ ಅತ್ಯಂತ ಜನಪ್ರಿಯ ಭಾಗ. ನನ್ನ ಲೆಕ್ಕದಲ್ಲಿ ಅತ್ಯಂತ ದುರ್ಬಲ ಭಾಗವೂ ಇದೇ.

ಯಾಕೆ ಅಂದರೆ, ಎಫ್‌ಎಫ್‌ಎಂಪೆಗ್ ಫೈಲಿನ ಹೆಸರನ್ನು ಪೂರ್ತಿ ನಂಬುವುದಿಲ್ಲ. ಒಳಗಿನ ಮೊದಲ ಕೆಲವು ಬೈಟ್‌ಗಳನ್ನು ಮೂಸಿ ನೋಡಿ, ಇದು ಯಾವ ಜಾತಿಯದ್ದು ಅಂತ ತಾನೇ ತೀರ್ಮಾನಿಸುತ್ತದೆ. ಬಳಸುವವರಿಗೆ ಇದು ವರ. ಹೆಸರು ತಪ್ಪಿದ್ದರೂ ವಿಡಿಯೊ ಓಡುತ್ತದೆ. ಆದರೆ ಇದೇ ಕಾರಣಕ್ಕೆ, ಎಂಪಿ4 ಅಂತ ಹೆಸರಿಟ್ಟ ಫೈಲಿನೊಳಗೆ ಹಳೇ ಗೇಮಿನ ದತ್ತಾಂಶ ತುಂಬಿ ಕಳಿಸಿದರೆ, ಹಳೇ ಡಿಕೋಡರ್ ಎದ್ದು ಕೆಲಸಕ್ಕೆ ನಿಲ್ಲುತ್ತದೆ. ಗೇಮ್ ಆಡುವವರು ಇರಲೇಬೇಕಾಗಿಲ್ಲ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನ ಬೇರೆ ಬೇರೆ ವಿತರಣೆಗಳಲ್ಲಿ ಬರುವ ಎಫ್‌ಎಫ್‌ಎಂಪೆಗ್‌ನಲ್ಲಿ ಇಂಥ ಡಿಕೋಡರ್‌ಗಳು ಸಾಮಾನ್ಯವಾಗಿ ಎಲ್ಲವೂ ಆನ್ ಆಗಿಯೇ ಇರುತ್ತವೆ.

ಇದು ಬರೀ ಊಹೆಯಲ್ಲ. 2021ರಲ್ಲಿ ಐಫೋನ್‌ಗಳಿಗೆ ಪೆಗಾಸಸ್ ಅನ್ನುವ ಗೂಢಚಾರಿ ತಂತ್ರಾಂಶ ನುಗ್ಗಿಸಿದ 'ಫೋರ್ಸ್‌ಡ್‌ಎಂಟ್ರಿ' ದಾಳಿ ನೆನಪಿದೆಯಾ? ಅಲ್ಲಿ ಬಂದದ್ದು ಜಿಫ್ ಅಂತ ಹೆಸರಿಟ್ಟ ಫೈಲ್. ಒಳಗಿದ್ದದ್ದು ಪಿಡಿಎಫ್. ಅದರೊಳಗೆ ಜೆಬಿಗ್2 ಅನ್ನುವ, ಫ್ಯಾಕ್ಸ್ ಮತ್ತು ಸ್ಕ್ಯಾನರ್ ಕಾಲದ ಕಪ್ಪು-ಬಿಳುಪು ಚಿತ್ರ ಹಿಂಡುವ ವಿಧಾನ. ಹೆಚ್ಚಿನವರು ಗಮನಿಸದ ಆ ಮೂಲೆಯ ಡಿಕೋಡರ್‌ನಲ್ಲಿ ಒಂದು ತೂತು ಹಿಡಿದು, 70,000ಕ್ಕೂ ಹೆಚ್ಚು ಪುಟ್ಟ ಪುಟ್ಟ ಆದೇಶಗಳನ್ನು ಜೋಡಿಸಿ, ಚಿತ್ರ ಬಿಚ್ಚುವ ಕೋಡ್‌ನೊಳಗೇ ಒಂದು ಪುಟ್ಟ ಕಂಪ್ಯೂಟರ್ ಕಟ್ಟಿದ್ದರು ದಾಳಿಕೋರರು. ಫೋನಿನ ಮಾಲೀಕ ಏನನ್ನೂ ಒತ್ತಬೇಕಾಗಿರಲಿಲ್ಲ. ಇದನ್ನು ಬಿಚ್ಚಿ ಜಗತ್ತಿಗೆ ವಿವರಿಸಿದ್ದು ಇದೇ ಗೂಗಲ್ ಪ್ರಾಜೆಕ್ಟ್ ಜೀರೊ. ಹಾಗಾಗಿ 'ಹಳೇದು, ಯಾರು ನೋಡ್ತಾರೆ' ಅನ್ನುವ ಮಾತು ಕೇಳಿದರೆ ಆ ತಂಡಕ್ಕೆ ಬೆಚ್ಚಿಬೀಳುವಂತಾಗುವುದು ಸುಮ್ನೆ ಅಲ್ಲ. ಮನೆಯವರು ಹಿತ್ತಿಲ ಬಾಗಿಲು ಬಳಸದಿದ್ದರೆ ಕಳ್ಳನಿಗೆ ಅದೇ ಅನುಕೂಲ.

ಆದರೆ ಇನ್ನೊಂದು ಮಗ್ಗುಲೂ ಇದೆ. ಎಫ್‌ಎಫ್‌ಎಂಪೆಗ್ ಕಟ್ಟುವಾಗ ಬೇಕಾದ ಡಿಕೋಡರ್ ಮಾತ್ರ ಆರಿಸಿಕೊಳ್ಳಬಹುದು. ಗೂಗಲ್ ತನ್ನ ಕ್ರೋಮ್‌ಗೆ ಮಾಡುವುದು ಅದನ್ನೇ. ಬೇಕಾದ ಕೆಲವೇ ಕೋಡೆಕ್ ಇಟ್ಟುಕೊಂಡು ಉಳಿದದ್ದನ್ನು ಹೊರಗಿಡುತ್ತದೆ. ಅಂದರೆ ದೊಡ್ಡ ಕಂಪನಿಗಳಿಗೆ ತಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಇಟ್ಟಿಗೆ ಕಟ್ಟುವುದು ಗೊತ್ತು. ತೊಂದರೆ ಆಗುವುದು ಎಲ್ಲವನ್ನೂ ಹಾಗೇ ಎತ್ತಿಕೊಂಡು ಬಳಸುವ ಸಣ್ಣವರಿಗೆ.

90 ದಿನದ ಗಡಿಯಾರ

ಹಾಗಾದರೆ ಎಫ್‌ಎಫ್‌ಎಂಪೆಗ್‌ನವರ ಸಿಟ್ಟಿಗೆ ಅರ್ಥವೇ ಇಲ್ವಾ? ಇದೆ. ಅದು ಬಗ್‌ನ ವಿಷಯದಲ್ಲಿ ಅಲ್ಲ, ಗಡುವಿನ ವಿಷಯದಲ್ಲಿ.

ಪ್ರಾಜೆಕ್ಟ್ ಜೀರೊ 2014ರಲ್ಲಿ ಶುರುವಾದಾಗ ದೊಡ್ಡ ಕಂಪನಿಗಳ ಒಂದು ಕೆಟ್ಟ ಚಾಳಿ ಇತ್ತು. ದೋಷ ತಿಳಿಸಿದರೆ 'ನೋಡೋಣ' ಅಂತ ವರ್ಷಗಟ್ಟಲೆ ಎಳೆಯುವುದು. ಅದಕ್ಕೆ ಮದ್ದು 90 ದಿನದ ಗಡುವು. ಅಷ್ಟರಲ್ಲಿ ಸರಿಮಾಡಿ, ಇಲ್ಲದಿದ್ದರೆ ವಿವರ ಬಹಿರಂಗ ಮಾಡುತ್ತೇವೆ. ಸಂಬಳದ ಸಿಬ್ಬಂದಿ ಇರುವ ಕಂಪನಿಗೆ ಇದು ಒಳ್ಳೆಯ ಚಾಟಿ. ಕೆಲಸವನ್ನೂ ಮಾಡಿತು.

2025ರ ಜುಲೈನಲ್ಲಿ ಪ್ರಾಜೆಕ್ಟ್ ಜೀರೊ ಇದಕ್ಕೆ ಇನ್ನೊಂದು ನಿಯಮ ಸೇರಿಸಿತು, ಪ್ರಯೋಗ ಅಂತ. ದೋಷ ತಿಳಿಸಿದ ಸುಮಾರು ಒಂದು ವಾರದೊಳಗೆ, ಇಂಥ ತಂತ್ರಾಂಶದಲ್ಲಿ ಒಂದು ದೋಷ ಸಿಕ್ಕಿದೆ, ಇಂಥ ದಿನ ತಿಳಿಸಿದ್ದೇವೆ, ಗಡುವು ಇಷ್ಟನೇ ತಾರೀಕು ಅಂತ ಹೊರಗೆ ಹಾಕುವುದು. ತಾಂತ್ರಿಕ ವಿವರ ಇರುವುದಿಲ್ಲ. ಬಿಗ್ ಸ್ಲೀಪ್ ವರದಿಗಳಿಗೂ ಇದೇ ನಿಯಮ. ಗೂಗಲ್ ಕೊಟ್ಟ ಕಾರಣವೂ ತೆಗೆದುಹಾಕುವಂಥದ್ದಲ್ಲ. ಮೂಲದಲ್ಲಿ ತೇಪೆ (ದೋಷ ಸರಿಮಾಡುವ ಕೋಡ್) ಬಿದ್ದರೂ ಅದನ್ನು ಬಳಸುವ ಉತ್ಪನ್ನಗಳಿಗೆ ತಲುಪಲು ಬಹಳ ದಿನ ಹಿಡಿಯುತ್ತದೆ, ಅವರಿಗೆ ಮೊದಲೇ ಸುಳಿವು ಸಿಕ್ಕರೆ ತಯಾರಾಗಬಹುದು ಅಂತ.

ಈಗ ಇದೇ ನಿಯಮವನ್ನು ಸ್ವಯಂಸೇವಕರ ತಂಡದ ಮೇಲೆ ಇಟ್ಟು ನೋಡಿ. ಬೆಳಗ್ಗೆ ಬೇರೆ ಕಡೆ ಕೆಲಸ, ಸಂಜೆ ಮಕ್ಕಳ ಹೋಂವರ್ಕ್, ಅದೆಲ್ಲ ಮುಗಿದ ಮೇಲೆ ರಾತ್ರಿ ಕೋಡ್ ನೋಡುವ ಒಬ್ಬರು. ಅವರ ಮೇಲೆ ಗೂಗಲ್ ಹೆಸರಿನಲ್ಲಿ ಗಡಿಯಾರ ಟಿಕ್ ಟಿಕ್ ಅನ್ನಲು ಶುರುವಾಗುತ್ತದೆ, ಅದೂ ಎಲ್ಲರಿಗೂ ಕಾಣುವ ಹಾಗೆ. ಕಂಪನಿಯೊಂದು ಗಡುವು ತಪ್ಪಿಸಿದರೆ ಷೇರು ಬೀಳಬಹುದು, ಗಿರಾಕಿ ಬೈಯಬಹುದು, ಹಾಗಾಗಿ ದುಡ್ಡು ಸುರಿದು ಸರಿಮಾಡುತ್ತದೆ. ಸ್ವಯಂಸೇವಕ ಗಡುವು ತಪ್ಪಿಸಿದರೆ? ಅವನ ಬಳಿ ಸುರಿಯಲು ದುಡ್ಡಿಲ್ಲ. ಇರುವುದು ನಿದ್ದೆ ಒಂದೇ. ಅಂದರೆ ಚಾಟಿ ಅದೇ, ಆದರೆ ಬೀಳುತ್ತಿರುವುದು ಬೇರೆಯವರ ಬೆನ್ನ ಮೇಲೆ.

ಮೊದಲೂ ಇತ್ತಲ್ಲ, ಈಗೇನು ಬದಲಾಯಿತು?

ಗೂಗಲ್‌ನವರು ಎಫ್‌ಎಫ್‌ಎಂಪೆಗ್‌ನಲ್ಲಿ ಬಗ್ ಹುಡುಕುವುದು ಹೊಸದೇನಲ್ಲ. 2014ರ ಜನವರಿಯಲ್ಲೇ ಗೂಗಲ್‌ನ ಇಬ್ಬರು ಇಂಜಿನಿಯರ್‌ಗಳು ತಮ್ಮ ಪ್ರಯತ್ನದಿಂದ ಎಫ್‌ಎಫ್‌ಎಂಪೆಗ್‌ನಲ್ಲಿ ಸಾವಿರಕ್ಕೂ ಹೆಚ್ಚು ದೋಷಗಳು ಸರಿಯಾದವು ಅಂತ ಬರೆದಿದ್ದರು. ಕಸದಂಥ ಫೈಲುಗಳನ್ನು ಲಕ್ಷಗಟ್ಟಲೆ ತಯಾರಿಸಿ ಡಿಕೋಡರ್‌ಗೆ ತಿನ್ನಿಸಿ, ಎಲ್ಲಿ ವಾಂತಿ ಮಾಡುತ್ತದೆ ಅಂತ ನೋಡುವ ವಿಧಾನ ಅದು. ಅದಕ್ಕೆ ಫಜಿಂಗ್ ಅಂತಾರೆ. ಎರಡು ವರ್ಷದ ಕೆಲಸ. ಎಫ್‌ಎಫ್‌ಎಂಪೆಗ್‌ನವರೂ ಜೊತೆಗೆ ಕೂತು ಸರಿಮಾಡಿದರು. 2016ರ ಕೊನೆಯಲ್ಲಿ ಗೂಗಲ್ ಇದನ್ನೇ ಓಎಸ್ಎಸ್-ಫಜ್ ಅಂತ ಓಪನ್ ಸೋರ್ಸ್ ಯೋಜನೆಗಳಿಗೆ ಪುಕ್ಕಟೆ ಸೇವೆಯಾಗಿ ತೆರೆಯಿತು. ಇದರಿಂದ ಎಲ್ಲರಿಗೂ ಲಾಭವಾಗಿದೆ, ಗೂಗಲ್‌ಗೆ ಬೈಯುವವರು ಇದನ್ನು ಮರೆಯಬಾರದು.

ಬದಲಾಗಿದ್ದು ವೇಗ. ಮೊದಲು ಒಳ್ಳೆಯ ಭದ್ರತಾ ವರದಿ ಬರೆಯಲು ಒಬ್ಬ ನಿಪುಣ ವಾರಗಟ್ಟಲೆ ಕೂರಬೇಕಿತ್ತು. ಹಾಗಾಗಿ ವರದಿಗಳು ತೊಟ್ಟಿಕ್ಕುತ್ತಿದ್ದವು. ಈಗ ಯಂತ್ರ ಹುಡುಕುತ್ತದೆ, ಯಂತ್ರವೇ ವರದಿಯನ್ನೂ ಬರೆಯುತ್ತದೆ. ಹುಡುಕುವ ಖರ್ಚು ನೆಲಕಚ್ಚಿದೆ. ಸರಿಮಾಡುವ ಖರ್ಚು ಮಾತ್ರ ಇದ್ದಲ್ಲೇ ಇದೆ. ಯಾಕೆಂದರೆ ಸರಿಮಾಡುವುದು ಅಂದರೆ ಒಂದು ಸಾಲು ಬದಲಿಸುವುದಷ್ಟೇ ಅಲ್ಲ. ಆ ಕೋಡೆಕ್ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ಅರ್ಥವಾಗಬೇಕು, ಸ್ಮಶ್‌ನಂಥದ್ದಕ್ಕೆ ಅಧಿಕೃತ ಕೈಪಿಡಿಯೂ ಇರುವುದಿಲ್ಲ, ಹಳೇ ಸಿ.ಡಿ. ಫೈಲುಗಳನ್ನು ಬಿಚ್ಚಿ ನೋಡಿಯೇ ಜನ ಬರೆದದ್ದು. ತೇಪೆಯಿಂದ ಇನ್ನೊಂದು ಕಡೆ ಹರಿಯದ ಹಾಗೆ ಪರೀಕ್ಷಿಸಬೇಕು, ಇನ್ನೊಬ್ಬರು ಓದಿ ಒಪ್ಪಬೇಕು, ಹಳೆಯ ಆವೃತ್ತಿಗಳಿಗೂ ಹಾಕಬೇಕು.

ನಲ್ಲಿ ದೊಡ್ಡದಾಯಿತು, ಬಕೆಟ್ ಅಷ್ಟೇ ಇದೆ.

ತುಂಬಿ ಹರಿದ ಉದಾಹರಣೆಗಳು ಆಗಲೇ ಕಣ್ಣ ಮುಂದಿವೆ. ಲಿಬ್‌ಎಕ್ಸ್‌ಎಂಎಲ್2 ಅನ್ನುವ ಇನ್ನೊಂದು ತಳಪಾಯದ ತಂತ್ರಾಂಶವನ್ನು ಬಹುತೇಕ ಒಬ್ಬರೇ ನೋಡಿಕೊಳ್ಳುತ್ತಿದ್ದರು. 2025ರ ಜೂನ್‌ನಲ್ಲಿ ಅವರು, ಇನ್ನು ಭದ್ರತಾ ದೋಷಗಳಿಗೆ ಗುಟ್ಟು, ಗಡುವು ಏನೂ ಇಲ್ಲ, ಬೇರೆ ಬಗ್‌ಗಳಂತೆ ಅವನ್ನೂ ಬಹಿರಂಗವಾಗಿಯೇ, ಸಮಯ ಸಿಕ್ಕಾಗ ನೋಡುತ್ತೇನೆ ಅಂದರು. ಅದೇ ವರ್ಷ ಆ ಹೊಣೆಯನ್ನೇ ಬಿಟ್ಟರು. ಇನ್ನೊಂದು ಕಡೆ ಕರ್ಲ್, ಇಂಟರ್ನೆಟ್‌ನಲ್ಲಿ ದತ್ತಾಂಶ ತರುವ-ಕಳಿಸುವ ತಂತ್ರಾಂಶ. ಅಲ್ಲಿಗೆ ನಿಜವಾದ ಕಲಗಚ್ಚೇ ಬರುತ್ತಿತ್ತು, ಎಐ ಕೈಯಲ್ಲಿ ಬರೆಸಿದ ಇಲ್ಲದ ದೋಷಗಳು, ಬಹುಮಾನದ ಆಸೆಗೆ. ಓದಿ ಓದಿ ಸುಸ್ತಾಗಿ ಕರ್ಲ್ ತಂಡ 2026ರ ಜನವರಿ ಕೊನೆಗೆ ಬಗ್ ಬಹುಮಾನ ಯೋಜನೆಯನ್ನೇ ಮುಚ್ಚಿತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಕರ್ಲ್‌ನ ತೊಂದರೆ ಸುಳ್ಳು ವರದಿ. ಎಫ್‌ಎಫ್‌ಎಂಪೆಗ್‌ಗೆ ಬಂದದ್ದು ನಿಜವಾದ ದೋಷ, ಚೊಕ್ಕವಾಗಿ ಬರೆದ ವರದಿ. ಎರಡಕ್ಕೂ ಒಂದೇ 'ಸ್ಲಾಪ್' ಪದ ಬಳಸಿದ್ದು ಎಫ್‌ಎಫ್‌ಎಂಪೆಗ್‌ನವರ ವಾದಕ್ಕೇ ಪೆಟ್ಟು ಕೊಟ್ಟಿತು.

ಹಾಗಾದರೆ ಮೆಮೊರಿ ತಪ್ಪೇ ಆಗದ ರಸ್ಟ್ ಭಾಷೆಯಲ್ಲಿ ಎಲ್ಲ ಹೊಸದಾಗಿ ಬರೆದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಎವಿ1 ಅನ್ನುವ ವಿಡಿಯೊ ಕೋಡೆಕ್‌ನ 'ಡೇವಿಡ್' ಹೆಸರಿನ ಡಿಕೋಡರನ್ನು ಹಾಗೆ ರಸ್ಟ್‌ಗೆ ತಂದರು. ಸುಮಾರು 5% ನಿಧಾನವಾಯಿತು, ಆ ಅಂತರ ಮುಚ್ಚಿದವರಿಗೆ 20,000 ಡಾಲರ್ ಬಹುಮಾನ ಅಂತ 2025ರಲ್ಲಿ ಘೋಷಿಸಬೇಕಾಯಿತು. ಇದು ಒಂದೇ ಒಂದು ಕೋಡೆಕ್‌ನ ಕಥೆ.

ದುಡ್ಡಿನ ವಿಷಯ

ಗೂಗಲ್ ಪರ ನಿಂತವರ ಒಂದು ಮಾತು ಹೀಗಿದೆ: ಲೈಸೆನ್ಸ್ ನೀವೇ ಕೊಟ್ಟದ್ದು. ಯಾರು ಬೇಕಾದರೂ ಪುಕ್ಕಟೆ ಬಳಸಿ ಅಂದಮೇಲೆ ಬಿಲ್ ಕೊಡುವುದು ಹೇಗೆ?

ಕಾನೂನಿನ ಪ್ರಕಾರ ಸರಿಯೇ. ಎಫ್‌ಎಫ್‌ಎಂಪೆಗ್ ಮುಖ್ಯವಾಗಿ ಎಲ್‌ಜಿಪಿಎಲ್ ಲೈಸೆನ್ಸ್‌ನಲ್ಲಿದೆ. ದುಡ್ಡು ಕೊಡದೆ ವ್ಯಾಪಾರಕ್ಕೆ ಬಳಸಬಹುದು. ಆದರೆ ಅದೇ ಲೈಸೆನ್ಸ್‌ನಲ್ಲಿ ಇನ್ನೊಂದು ಸಾಲೂ ಇದೆ: ಇದಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ಪುಕ್ಕಟೆ ಅನ್ನುವ ಅರ್ಧವನ್ನು ಹಿಡಿದುಕೊಂಡು ಗ್ಯಾರಂಟಿ ಇಲ್ಲ ಅನ್ನುವ ಅರ್ಧವನ್ನು ಮರೆತರೆ ಹೇಗೆ? ಬಿಟ್ಟಿ ಎಣ್ಣೆ ಅಂತ ತಲೆಗೆ ಸುರಿದುಕೊಂಡು, ಆಮೇಲೆ ಜಿಡ್ಡು ಜಾಸ್ತಿ ಆಯಿತು ಅಂತ ಗಾಣದವನ ಮೇಲೆ ರೇಗಿದ ಹಾಗೆ.

2024ರಲ್ಲಿ ಇದರ ಒಂದು ತುಣುಕು ಎಲ್ಲರಿಗೂ ಕಂಡಿತ್ತು. ಮೈಕ್ರೋಸಾಫ್ಟ್ ಟೀಮ್ಸ್‌ನ ಶೀರ್ಷಿಕೆಗಳಲ್ಲಿ ತೊಂದರೆ ಬಂದು, ಅವರ ಕಡೆಯವರು ಎಫ್‌ಎಫ್‌ಎಂಪೆಗ್‌ನ ಬಗ್ ಪಟ್ಟಿಯಲ್ಲಿ ಇದು ಬಹಳ ತುರ್ತು ಅಂತ ಹಾಕಿದರು. ಬೆಂಬಲದ ಒಪ್ಪಂದ ಮಾಡಿಕೊಳ್ಳಿ ಅಂತ ಎಫ್‌ಎಫ್‌ಎಂಪೆಗ್ ಕೇಳಿದರೆ, ಸಿಕ್ಕ ಉತ್ತರ ಒಂದು ಸಲದ ಕೆಲವು ಸಾವಿರ ಡಾಲರ್. ಇದು ಎಫ್‌ಎಫ್‌ಎಂಪೆಗ್ ಬಹಿರಂಗವಾಗಿ ಹೇಳಿದ ಮಾತು. ಒಮ್ಮೆ ಚಿಲ್ಲರೆ ಕೊಡುವುದಕ್ಕೂ, ವರ್ಷ ವರ್ಷ ನೋಡಿಕೊಳ್ಳಲು ಸಂಬಳ ಕೊಡುವುದಕ್ಕೂ ಇರುವ ವ್ಯತ್ಯಾಸವೇ ಅವರ ಕೊರಗು.

ದುಡ್ಡು ಬಂದೇ ಇಲ್ಲ ಅಂತಲ್ಲ. 2024ರಲ್ಲಿ ಜರ್ಮನಿಯ ಸರ್ಕಾರಿ ನಿಧಿ ಸಾವರಿನ್ ಟೆಕ್ ಫಂಡ್ ಸುಮಾರು 1.57 ಲಕ್ಷ ಯೂರೊ ಕೊಟ್ಟಿತು. 2025ರಲ್ಲಿ ಇನ್ನೂ 1 ಲಕ್ಷ ಡಾಲರ್ ಬಂತು, ಅದು ನಮ್ಮ ಬೆಂಗಳೂರಿನದ್ದು. ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಅಂತ ಶುರು ಮಾಡಿ, ಓಪನ್ ಸೋರ್ಸ್ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಎತ್ತಿಟ್ಟಿದೆ. ವಿಡಿಯೊ ವ್ಯಾಪಾರವೇ ಅಲ್ಲದ ಜಯನಗರ-ಜೆ.ಪಿ. ನಗರದ ಕಡೆಯ ಕಂಪನಿ ಕೊಡುತ್ತದೆ, ವಿಡಿಯೊದಿಂದಲೇ ಬದುಕುವ ಬಹಳಷ್ಟು ಕಂಪನಿಗಳು ಆ ಕಡೆ ತಲೆ ಹಾಕಿ ಮಲಗಲ್ಲ. ವಿಚಿತ್ರ ಅಲ್ವಾ.

ಗೂಗಲ್‌ಗೆ ತೇಪೆ ಹಾಕುವ ಶಕ್ತಿ ಇಲ್ವಾ? ಇದೆ. 2025ರ ಅಕ್ಟೋಬರ್‌ನಲ್ಲಿ ಗೂಗಲ್ ಡೀಪ್‌ಮೈಂಡ್ ಕೋಡ್‌ಮೆಂಡರ್ ಅನ್ನುವ ಇನ್ನೊಂದು ಎಐ ತೋರಿಸಿತು. ಅದು ದೋಷವನ್ನು ಸರಿಮಾಡುವ ಯಂತ್ರ. ಆರು ತಿಂಗಳಲ್ಲಿ 72 ಭದ್ರತಾ ತಿದ್ದುಪಡಿಗಳನ್ನು ಓಪನ್ ಸೋರ್ಸ್ ಯೋಜನೆಗಳಿಗೆ ಕಳಿಸಿದ್ದೇವೆ ಅಂತ ಅವರೇ ಹೇಳಿದರು, ಮನುಷ್ಯರು ಪರಿಶೀಲಿಸಿದ ಮೇಲೆ. ಹಾಗಿದ್ದ ಮೇಲೆ ವರದಿಯ ಜೊತೆ ಕರಡು ತೇಪೆಯನ್ನೂ ಕಳಿಸಿ ಅನ್ನುವುದು ಆಕಾಶ ಕೇಳಿದ ಹಾಗಲ್ಲ. ತೇಪೆ ಒಪ್ಪುವುದು ಬಿಡುವುದು ಎಫ್‌ಎಫ್‌ಎಂಪೆಗ್‌ಗೆ ಬಿಟ್ಟದ್ದು. ಆದರೆ ಶೂನ್ಯದಿಂದ ಶುರು ಮಾಡುವುದಕ್ಕೂ, ಕೈಗೆ ಬಂದ ಕರಡನ್ನು ತಿದ್ದುವುದಕ್ಕೂ ಬಹಳ ಅಂತರ ಇದೆ.

ಮುಂದೆ ಏನಾಗಬಹುದು

ಒಂದು, ಹಳೇ ಡಿಕೋಡರ್‌ಗಳು ಒಂದೊಂದಾಗಿ ಮೂಲೆ ಸೇರಬಹುದು. ಲಿನಕ್ಸ್ ವಿತರಣೆಗಳು ಅಪರೂಪದ ಕೋಡೆಕ್‌ಗಳನ್ನು ಆಫ್ ಮಾಡಿ ಕೊಡಲು ಶುರು ಮಾಡಿದರೆ ಭದ್ರತೆ ಹೆಚ್ಚುತ್ತದೆ, ನಿಜ. ಆದರೆ ಹಳೆಯ ಧ್ವನಿ, ದೃಶ್ಯ ದಾಖಲೆ ಉಳಿಸುವವರಿಗೆ ಇದು ನಷ್ಟ. ತೊಂಬತ್ತರ ದಶಕದ ಯಾವುದೋ ವಿಡಿಯೊ ಕ್ಯಾಪ್ಚರ್ ಕಾರ್ಡ್‌ನಲ್ಲಿ ಹಿಡಿದಿಟ್ಟ ಬಯಲಾಟದ ವಿಡಿಯೊ ಇವತ್ತು ತೆರೆಯುತ್ತದೆ ಅಂದರೆ ಅದಕ್ಕೆ ಕಾರಣ ಇಂಥ ಹವ್ಯಾಸಿಗಳು 'ಯಾರಿಗೂ ಬೇಡದ' ಡಿಕೋಡರ್ ಬರೆದಿಟ್ಟದ್ದು.

ಎರಡು, ಲಿಬ್‌ಎಕ್ಸ್‌ಎಂಎಲ್2 ದಾರಿ. ನೋಡಿಕೊಳ್ಳುವವರು ಗುಟ್ಟಿನ ಗಡುವುಗಳನ್ನು ಒಪ್ಪುವುದನ್ನೇ ನಿಲ್ಲಿಸಿದರೆ, ತೇಪೆ ಬರುವ ಮೊದಲೇ ತೂತು ಎಲ್ಲರಿಗೂ ತಿಳಿಯುತ್ತದೆ. ಯಾರಿಗೂ ಒಳ್ಳೆಯದಲ್ಲ, ಗೂಗಲ್‌ಗಂತೂ ಅಲ್ಲವೇ ಅಲ್ಲ.

ಮೂರನೆಯದು ಕಾನೂನು. ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿದೆ. ಅದರ ಮುಖ್ಯ ಹೊಣೆಗಳು 2027ರ ಡಿಸೆಂಬರ್‌ನಿಂದ ಅನ್ವಯವಾಗುತ್ತವೆ. ವ್ಯಾಪಾರ ಮಾಡದ ಸ್ವಯಂಸೇವಕರನ್ನು ಅದು ಹೊರಗಿಟ್ಟಿದೆ. ಆದರೆ ಉತ್ಪನ್ನ ಮಾರುವ ಕಂಪನಿ ತಾನು ಬಳಸಿದ ಓಪನ್ ಸೋರ್ಸ್ ಭಾಗದಲ್ಲಿ ದೋಷ ಕಂಡರೆ, ಅದನ್ನು ನೋಡಿಕೊಳ್ಳುವವರಿಗೆ ತಿಳಿಸಬೇಕು. ತನ್ನ ಉತ್ಪನ್ನಕ್ಕೆ ತೇಪೆ ತಯಾರಿಸಿದ್ದರೆ ಅದರ ಕೋಡ್ ಅನ್ನೂ ಅವರಿಗೆ ಕೊಡಬೇಕು. ಎಕ್ಸ್‌ನಲ್ಲಿ ಕಿತ್ತಾಡಿದ ವಿಷಯ ಅಲ್ಲಿ ಕಾನೂನಿನ ಒಂದು ಕಲಮಾಗಿ ಕೂತಿದೆ. ಇದರ ಹಲ್ಲು ಎಷ್ಟು ಚೂಪು ಅನ್ನುವುದು ಆ ಹೊಣೆಗಳು ಅನ್ವಯವಾದ ಮೇಲೆಯೇ ಗೊತ್ತಾಗುವುದು, ಆದರೆ ಯುರೋಪಿಗೆ ಸಾಮಾನು ಮಾರುವ ಬೆಂಗಳೂರಿನ ಕಂಪನಿಗಳಿಗೂ ಇದು ಅನ್ವಯ.

ಬಳಸುವ ನಾವು ಏನು ಮಾಡಬೇಕು

ವಿಎಲ್‌ಸಿ ತೆಗೆಯುವುದು ಬೇಡ. ಅಪ್‌ಡೇಟ್ ಮಾಡಿ, ಸಾಕು. ವಿಂಡೋಸ್‌ನಲ್ಲಿ ವಿಎಲ್‌ಸಿ ತನ್ನ ಎಫ್‌ಎಫ್‌ಎಂಪೆಗ್ ಪ್ರತಿಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಹಾಗಾಗಿ ಪ್ಲೇಯರ್ ಅಪ್‌ಡೇಟ್ ಆದರೇನೇ ತೇಪೆ ಬರುವುದು. ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. 2022ರಲ್ಲಿ ಫೆಬ್ರುವರಿಯಿಂದ ನವೆಂಬರ್‌ವರೆಗೆ ಭಾರತದಲ್ಲಿ ವಿಎಲ್‌ಸಿ ತಾಣ ಬ್ಲಾಕ್ ಆಗಿತ್ತು. ಆಗ ಸಿಕ್ಕಸಿಕ್ಕ ಕಡೆಯಿಂದ ಇಳಿಸಿಕೊಂಡ ಪ್ರತಿ ಯಾವುದಾದರೂ ಹಳೇ ಲ್ಯಾಪ್‌ಟಾಪಿನಲ್ಲಿ ಇನ್ನೂ ಇದ್ದರೆ, ಅದನ್ನು ತೆಗೆದು ಹೊಸದು ಹಾಕುವುದು ಒಳ್ಳೆಯದು.

ನಿಜವಾದ ಅಪಾಯ ಇರುವುದು ಮೊಬೈಲ್‌ನ ಹಳೇ ವಿಡಿಯೊ ಆ್ಯಪ್‌ಗಳಲ್ಲಿ. ಇಂಥ ಆ್ಯಪ್‌ಗಳು ಎಫ್‌ಎಫ್‌ಎಂಪೆಗ್ ಸೇರಿಸಿಕೊಳ್ಳಲು ಎಫ್‌ಎಫ್‌ಎಂಪೆಗ್‌ಕಿಟ್ ಅನ್ನುವ ಸಿದ್ಧ ಪೊಟ್ಟಣ ಬಳಸುತ್ತಿದ್ದವು. 2025ರ ಜನವರಿಯಲ್ಲಿ ಅದನ್ನು ನಿಲ್ಲಿಸುವುದಾಗಿ ಹೇಳಿ, ಸಿದ್ಧ ಫೈಲುಗಳನ್ನೂ ತೆಗೆದುಹಾಕಿದರು. ಅದರ ಮೇಲೆ ನಿಂತು, ಆಮೇಲೆ ಅಪ್‌ಡೇಟ್ ಕಾಣದ ಆ್ಯಪ್‌ಗಳಲ್ಲಿ ಹಳೇ ತೂತುಗಳು ಹಾಗೇ ಇವೆ. ಎರಡು ವರ್ಷದಿಂದ ಅಪ್‌ಡೇಟ್ ಬರದ ವಿಡಿಯೊ ಕಟ್ಟರ್ ಇದ್ದರೆ ಕಿತ್ತುಹಾಕಿ.

ಕೈಹಾಕುವ ಮನಸ್ಸಿದ್ದರೆ ಕೋಡ್ ಬರೆಯಲೇಬೇಕು ಅಂತೇನಿಲ್ಲ. ಒಂದು ಹತ್ತಿರದ ಉದಾಹರಣೆ. ವಿಡಿಯೊ ಮೇಲೆ ಅಕ್ಷರ ಮೂಡಿಸಲು ಎಫ್‌ಎಫ್‌ಎಂಪೆಗ್‌ನಲ್ಲಿ ಡ್ರಾಟೆಕ್ಸ್ಟ್ ಅನ್ನುವ ಫಿಲ್ಟರ್ ಇದೆ. ಬಹಳ ವರ್ಷ ಅದಕ್ಕೆ ನಮ್ಮ ಒತ್ತಕ್ಷರ ಬರುತ್ತಿರಲಿಲ್ಲ. ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ ಇಡುತ್ತಿತ್ತು, 'ಕನ್ನಡ' ಅಂತ ಬರೆದರೆ ನ ಕೆಳಗೆ ಒತ್ತು ಇಳಿಯುವ ಬದಲು ಪಕ್ಕದಲ್ಲಿ ಇನ್ನೊಂದು ನ ಬಂದು ಕೂರುತ್ತಿತ್ತು. 2023ರ 6.1 ಆವೃತ್ತಿಯಲ್ಲಿ ಹಾರ್ಫ್‌ಬಜ್ ಅನ್ನುವ ಅಕ್ಷರ ಜೋಡಿಸುವ ಇನ್ನೊಂದು ಓಪನ್ ಸೋರ್ಸ್ ತಂತ್ರಾಂಶವನ್ನು ಅದಕ್ಕೆ ಹೊಂದಿಸಿದರು, ಆಮೇಲೆ ಸರಿಹೋಯಿತು. ಇಂಥ ತಪ್ಪು ನಮ್ಮ ಕಣ್ಣಿಗೆ ತಟ್ಟನೆ ಬೀಳುತ್ತದೆ, ಕನ್ನಡ ಓದಲು ಬಾರದ ಡೆವಲಪರ್‌ಗೆ ಬೀಳುವುದೇ ಇಲ್ಲ. 2025ರ ಆಗಸ್ಟ್‌ನ 8.0 ಆವೃತ್ತಿಯಲ್ಲಿ ವಿಸ್ಪರ್ ಅನ್ನುವ ಎಐ ಮಾದರಿ ಬಳಸಿ ಮಾತನ್ನು ಬರಹ ಮಾಡುವ ಫಿಲ್ಟರ್ ಬಂದಿದೆ. ಇಂಗ್ಲಿಷಿಗೆ ಚೆನ್ನಾಗಿದೆ, ಕನ್ನಡಕ್ಕೆ ಅಷ್ಟಕ್ಕಷ್ಟೇ.

ಬಗ್ ತಿಳಿಸುವಾಗ 'ವಿಡಿಯೊ ಓಡ್ತಿಲ್ಲ' ಅಂತ ಒಂದೇ ಸಾಲು ಬರೆದರೆ ಯಾರಿಗೂ ಉಪಯೋಗವಿಲ್ಲ. ಅವರು ಕೇಳುವುದು ಮೂರು: ನೀವು ಕೊಟ್ಟ ಕಮಾಂಡ್, ಪರದೆಯ ಮೇಲೆ ಬಂದ ಔಟ್‌ಪುಟ್ ಪೂರ್ತಿಯಾಗಿ, ಮತ್ತು ತೊಂದರೆ ಕೊಡುವ ಫೈಲಿನ ಒಂದು ಸಣ್ಣ ತುಂಡು. ಮೊದಲು ಹೊಸ ಆವೃತ್ತಿಯಲ್ಲೂ ಹಾಗೇ ಆಗುತ್ತದಾ ಅಂತ ನೋಡಿಕೊಳ್ಳಿ. ಭದ್ರತಾ ದೋಷ ಅನ್ನಿಸಿದರೆ ಬಹಿರಂಗ ಪಟ್ಟಿಗೆ ಹಾಕದೆ ಅವರ ಭದ್ರತಾ ವಿಳಾಸಕ್ಕೆ ಬರೆಯಿರಿ. ಎಐ ಬಳಸಿ ಹುಡುಕಿದ್ದಾದರೆ, ನಿಮ್ಮ ಕಂಪ್ಯೂಟರ್‌ನಲ್ಲಿ ಅದು ನಿಜವಾಗಿ ಕ್ರ್ಯಾಶ್ ಆಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಕಳಿಸಿ. ತೇಪೆಯನ್ನೂ ಬರೆಯಬಲ್ಲವರಾದರೆ ಕಳಿಸುವ ದಾರಿ ಈಗ ಸ್ವಲ್ಪ ಸುಲಭವಾಗಿದೆ. ಮೊದಲು ಎಲ್ಲವೂ ಇಮೇಲ್‌ನಲ್ಲೇ ಹೋಗಬೇಕಿತ್ತು, 2025ರಿಂದ ಅವರದ್ದೇ ಫೋರ್ಜೆಯೊ ಅನ್ನುವ ಕೋಡ್ ಹಂಚುವ ತಾಣದಲ್ಲೂ ಹಾಕಬಹುದು. ಕಳಿಸುವ ಮೊದಲು ಫೇಟ್ ಅನ್ನುವ ಅವರ ಪರೀಕ್ಷೆಗಳನ್ನು ಒಮ್ಮೆ ಓಡಿಸಿ. ಅದನ್ನು ಮಾಡದೆ ಕಳಿಸಿದರೆ ಮೊದಲ ಉತ್ತರ ಅದನ್ನೇ ಕೇಳಿ ಬರುತ್ತದೆ.